ಪಕ್ಕದ ಮನೆಯ ಆರು ಪೆಟ್ಟಿಗೆಗಳು

ನ್ಯೂಜೆರ್ಸಿಯ ನಮ್ಮ ಬೀದಿಯಲ್ಲಿ, ನಮ್ಮ ಪಕ್ಕದ ಮನೆಯಲ್ಲೇ, ಎರಡು ವರ್ಷದ ಹಿಂದೆ ಪತಿಯನ್ನು ಕಳೆದುಕೊಂಡ ಮಹಿಳೆಯೊಬ್ಬರಿದ್ದಾರೆ. 2025ರ ಡಿಸೆಂಬರ್‌ನ ಒಂದು ಶನಿವಾರ ಬೆಳಿಗ್ಗೆ ಅವರು ಬಂದು, ನೆಲಮಾಳಿಗೆಯಲ್ಲಿರುವ ಆರು ಪೆಟ್ಟಿಗೆ ಕಾಮಿಕ್ಸ್‌ಗಳನ್ನು ಒಮ್ಮೆ ನೋಡಿಕೊಡುತ್ತೀರಾ ಎಂದು ಕೇಳಿದರು. ಹಳೆಯ ಕಾಮಿಕ್ಸ್ ಕೂಡಿಡುವ ನನ್ನ ಹವ್ಯಾಸ ಅವರಿಗೆ ಗೊತ್ತಿತ್ತು. ಹಳೆಯ ಸಾಮಾನು ಕೊಳ್ಳುವವನೊಬ್ಬ ಹಿಂದಿನ ದಿನ ಬಂದು, ಪ್ರತಿ ಪೆಟ್ಟಿಗೆಯನ್ನೂ ನಿಧಾನವಾಗಿ ತಡಕಾಡಿ, ಎಲ್ಲಕ್ಕೂ ಸೇರಿ ನಾನೂರು ಡಾಲರ್ ಕೊಡುತ್ತೇನೆ, ನಾಳೆ ಸಂಜೆ ವ್ಯಾನ್ ತರುತ್ತೇನೆ ಎಂದು ಹೇಳಿ ಹೋಗಿದ್ದನಂತೆ.

ಅವರಿಗೆ ಅನುಮಾನ ಹುಟ್ಟಲು ಇನ್ನೊಂದು ಕಾರಣವೂ ಇತ್ತು. ಕ್ಯಾಲಿಫೋರ್ನಿಯಾದಲ್ಲಿ ಮೂವರು ಅಣ್ಣತಮ್ಮಂದಿರು ತೀರಿಕೊಂಡ ತಾಯಿಯ ಮನೆಯ ಅಟ್ಟವನ್ನು ಖಾಲಿ ಮಾಡುವಾಗ, ಹಳೆಯ ಪತ್ರಿಕೆಗಳ ರಾಶಿಯ ಕೆಳಗೆ 1939ರ ಸೂಪರ್‌ಮ್ಯಾನ್ ಮೊದಲ ಸಂಚಿಕೆ ಸಿಕ್ಕಿ, ಅದು ನವೆಂಬರ್‌ನಲ್ಲಿ ಹೆರಿಟೇಜ್ ಎಂಬ ಹರಾಜು ಸಂಸ್ಥೆಯಲ್ಲಿ 91 ಲಕ್ಷ ಡಾಲರಿಗೂ ಮಿಕ್ಕಿ ಮಾರಾಟವಾದ ಸುದ್ದಿಯನ್ನು ಅವರೂ ಓದಿದ್ದರು.

ನಾನು ಕೈ ತೊಳೆದು, ಚೆನ್ನಾಗಿ ಒರೆಸಿಕೊಂಡು ಕೆಳಗಿಳಿದೆ. ಹಳೆಯ ಕಾಗದವನ್ನು ಮುಟ್ಟುವುದಕ್ಕೆ ಕೈಗವಸಿಗಿಂತ ಶುಭ್ರವಾದ ಒಣಗೈಯೇ ಮೇಲು. ಗವಸು ತೊಟ್ಟರೆ ಬೆರಳಿಗೆ ಹಾಳೆಯ ಅಂಚು ತಿಳಿಯುವುದಿಲ್ಲ, ಹರಿದೀತು.

ಮೊದಲ ಐದು ಪೆಟ್ಟಿಗೆಗಳು ನನ್ನ ಉತ್ಸಾಹವನ್ನು ಇಳಿಸಿದವು. ಎಲ್ಲವೂ 1980ರ ದಶಕದ ಕೊನೆಯಿಂದ 1990ರ ದಶಕದ ನಡುವಿನವರೆಗಿನವು. ಒಂದೊಂದನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಾಗದಂತೆ ಹಿಂದೆ ರಟ್ಟು ಇಟ್ಟು, ಸಂಖ್ಯೆಯ ಪ್ರಕಾರ ಜೋಡಿಸಲಾಗಿತ್ತು. 1991ರ ಎಕ್ಸ್-ಮೆನ್ ಮೊದಲ ಸಂಚಿಕೆ ಅದರ ಐದೂ ಮುಖಪುಟಗಳಲ್ಲಿ ಇತ್ತು. ಸೂಪರ್‌ಮ್ಯಾನ್ ಸಾಯುವ 75ನೇ ಸಂಚಿಕೆ 1992ರ ನವೆಂಬರ್‌ನಲ್ಲಿ ಅಂಗಡಿಗೆ ಬಂದಿದ್ದ ಕಪ್ಪು ಚೀಲದಲ್ಲೇ, ಒಳಗೆ ಶೋಕದ ತೋಳುಪಟ್ಟಿಯ ಸಮೇತ, ಸೀಲು ಒಡೆಯದೆ ಐದು ಪ್ರತಿ ಇತ್ತು. "ನಮ್ಮ ಮಗಳು ಹುಟ್ಟಿದ ವರ್ಷ ಕೊಂಡದ್ದು. ಅವಳ ಕಾಲೇಜಿನ ಖರ್ಚಿಗೆ ಆಗುತ್ತದೆ ಎನ್ನುತ್ತಿದ್ದರು," ಎಂದರು ಅವರು.

ಅದಕ್ಕೆ ಉತ್ತರ ಕೊಡುವುದು ನನಗೆ ಕಷ್ಟವಾಯಿತು. ಆ ಎಕ್ಸ್-ಮೆನ್ ಸಂಚಿಕೆ 80 ಲಕ್ಷಕ್ಕೂ ಹೆಚ್ಚು ಪ್ರತಿ ಅಚ್ಚಾಗಿತ್ತು, ಮತ್ತು ಕೊಂಡವರಲ್ಲಿ ಅನೇಕರು ಇವರ ಪತಿಯಂತೆಯೇ ಅದನ್ನು ಮುಂದೆ ಬೆಲೆ ಬರುತ್ತದೆಂದು ಜೋಪಾನ ಮಾಡಿದರು. ಎಲ್ಲರ ಮನೆಯಲ್ಲೂ ಇರುವ ವಸ್ತುವನ್ನು ಹೆಚ್ಚು ಬೆಲೆಗೆ ಕೊಳ್ಳುವವರು ಯಾರು? ಕೆಲವೇ ವರ್ಷಗಳಲ್ಲಿ ಆ ಮಾರುಕಟ್ಟೆ ಕುಸಿಯಿತು; 1996ರ ಡಿಸೆಂಬರ್‌ನಲ್ಲಿ ಎಕ್ಸ್-ಮೆನ್ ಪ್ರಕಟಿಸುವ ಮಾರ್ವೆಲ್ ಕಂಪನಿಯೇ ದಿವಾಳಿ ಅರ್ಜಿ ಹಾಕಬೇಕಾಯಿತು. ಸೂಪರ್‌ಮ್ಯಾನ್ ಮೊಟ್ಟಮೊದಲು ಕಾಣಿಸಿಕೊಂಡ, 1938ರ ಆ್ಯಕ್ಷನ್ ಕಾಮಿಕ್ಸ್ ಮೊದಲ ಸಂಚಿಕೆಯ ಕಥೆ ಇದಕ್ಕೆ ತದ್ವಿರುದ್ಧ. ಹತ್ತು ಸೆಂಟ್ ಕೊಟ್ಟು ಕೊಂಡ ಮಕ್ಕಳು ಅದನ್ನು ಓದಿ, ಮಡಚಿ ಜೇಬಿಗಿಟ್ಟು, ಗೆಳೆಯರಿಗೆ ಕೊಟ್ಟು ಕಳೆದರು; ಉಳಿದಿದ್ದರಲ್ಲಿ ಎಷ್ಟೋ ಎರಡನೇ ಮಹಾಯುದ್ಧದ ಕಾಲದಲ್ಲಿ ರದ್ದಿ ಕಾಗದ ಕೂಡಿಸುವ ಅಭಿಯಾನಕ್ಕೆ ಹೋದವು. ಈಗ ಸುಮಾರು ನೂರು ಪ್ರತಿ ಉಳಿದಿರಬಹುದೆಂಬ ಅಂದಾಜಿದೆ, 2024ರಲ್ಲಿ ಒಂದು ಪ್ರತಿ 60 ಲಕ್ಷ ಡಾಲರಿಗೆ ಹೋಯಿತು. ನನ್ನ ಬಾಲ್ಯದಲ್ಲಿ ನಮ್ಮ ಮನೆಯ ಇಂದ್ರಜಾಲ ಕಾಮಿಕ್ಸ್‌ಗಳೂ ಹೀಗೆಯೇ ಬೇಸಿಗೆ ರಜೆ ಮುಗಿಯುತ್ತಿದ್ದಂತೆ ಕಿಲೋ ಲೆಕ್ಕದಲ್ಲಿ ರದ್ದಿ ಅಂಗಡಿ ಸೇರುತ್ತಿದ್ದವು. ಆದ್ದರಿಂದ ರದ್ದಿಗೆ ಹೋಗದೆ ಉಳಿದದ್ದು ಎಷ್ಟು ಅಪರೂಪವೆಂದು ನನಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಆರನೇ ಪೆಟ್ಟಿಗೆ ಚಿಕ್ಕದು, ಮುಚ್ಚಳವಿಲ್ಲದ್ದು. ಅದರಲ್ಲಿ ಚೀಲವೂ ಇಲ್ಲ, ರಟ್ಟೂ ಇಲ್ಲ, ಕ್ರಮವೂ ಇಲ್ಲ. ಪತಿ ಹುಡುಗನಾಗಿದ್ದಾಗ ಓದಿದ ಪುಸ್ತಕಗಳು. ಅರ್ಧಕ್ಕೆ ಬರುವಷ್ಟರಲ್ಲಿ ಹಲ್ಕ್‌ನ ಹಸಿರು ಮೈಯೂ ಅವನೆದುರು ಹಳದಿ-ನೀಲಿ ಉಡುಪಿನ ಚಿಕ್ಕ ಆಕೃತಿಯೂ ಕಂಡು ನನ್ನ ಕೈ ನಿಂತಿತು. ದಿ ಇನ್‌ಕ್ರೆಡಿಬಲ್ ಹಲ್ಕ್, ಸಂಚಿಕೆ 181, ನವೆಂಬರ್ 1974, ಬೆಲೆ 25 ಸೆಂಟ್. ಮುಂದೆ ಎಕ್ಸ್-ಮೆನ್ ತಂಡದ ಹೆಸರಾಂತ ನಾಯಕನಾದ, ಹಿಂದಿನ ಸಂಚಿಕೆಯ ಕೊನೆಯಲ್ಲಿ ಮುಖ ತೋರಿಸಿದ್ದ ವುಲ್ವರೀನ್ ಮೊದಲ ಬಾರಿ ಪೂರ್ಣವಾಗಿ ಕಾಣಿಸಿಕೊಂಡದ್ದು ಇದರಲ್ಲೇ. ಕಥೆ ಲೆನ್ ವೀನ್ ಅವರದು, ಚಿತ್ರ ಹರ್ಬ್ ಟ್ರಿಂಪ್ ಅವರದು. ಪುಸ್ತಕದ ಬೆನ್ನಿನಲ್ಲಿ ಬಿಳಿ ಗೆರೆಗಳು ಎದ್ದಿದ್ದವು, ಒಂದು ಮೂಲೆ ಮೊಂಡಾಗಿತ್ತು, ಆದರೆ ಪಿನ್ನುಗಳಿಗೆ ತುಕ್ಕು ಹಿಡಿದಿರಲಿಲ್ಲ, ಬಣ್ಣ ಇನ್ನೂ ಹೊಳೆಯುತ್ತಿತ್ತು. ಈ ಸ್ಥಿತಿಯಲ್ಲೂ ಇದು ಕೆಲವು ಸಾವಿರ ಡಾಲರ್ ಬಾಳುವ ಪುಸ್ತಕ.

ಈ ಸಂಚಿಕೆಯನ್ನು ಬಲ್ಲವರು ಮೊದಲು ತೆರೆಯುವುದು ಓದುಗರ ಪತ್ರಗಳ ಪುಟವನ್ನು. ಆ ವರ್ಷ ಮಾರ್ವೆಲ್ ತನ್ನ ಪುಸ್ತಕಗಳಲ್ಲಿ ನೂರು ಬಗೆಯ ಚಿಕ್ಕ ಸ್ಟಾಂಪುಗಳನ್ನು ಅಚ್ಚು ಹಾಕಲು ಶುರುಮಾಡಿತ್ತು; ಕತ್ತರಿಸಿ ಆಲ್ಬಮ್ಮಿಗೆ ಅಂಟಿಸಿ ಪೂರ್ಣ ಮಾಡಿರೆಂದು ಮಕ್ಕಳಿಗೆ ಹೇಳಿತ್ತು. 181ರಲ್ಲಿ ಬಂದದ್ದು ಶಾನಾ ಎಂಬ ಕಾಡಿನ ನಾಯಕಿಯ ಸ್ಟಾಂಪು. ನಾನು ಉಸಿರು ಬಿಗಿಹಿಡಿದು ಪುಟ ತಿರುವಿದೆ. ಶಾನಾ ಇರಬೇಕಾದ ಕಡೆ ಒಂದು ಕಿಂಡಿ ಇತ್ತು.

ಇದರಿಂದ ಬೆಲೆ ಎಷ್ಟೋ ಕೆಳಗಿಳಿಯುತ್ತದೆ ಎಂದು ಅವರಿಗೆ ತಿಳಿಸಿದೆ. ಫ್ಲಾರಿಡಾದ ಸಿಜಿಸಿ ಸಂಸ್ಥೆ 2000ದಿಂದ ಕಾಮಿಕ್ಸ್‌ಗಳನ್ನು ಪರೀಕ್ಷಿಸಿ, ಹತ್ತರ ಒಳಗೆ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್‌ನಲ್ಲಿ ಮುಚ್ಚಿ ಕಳಿಸುತ್ತದೆ. ಸ್ಟಾಂಪು ಇಲ್ಲದ ಪ್ರತಿಗೆ ಒಂದೋ ತೀರಾ ಕಡಿಮೆ ಅಂಕ, ಇಲ್ಲವೇ ಸಾಮಾನ್ಯವಾಗಿ ಹಚ್ಚುವ ನೀಲಿ ಪಟ್ಟಿಯ ಬದಲು ಕೊರತೆಯನ್ನು ನಮೂದಿಸಿದ ಹಸಿರು ಪಟ್ಟಿ. ಬೇರೆ ಸ್ಟಾಂಪು ತಂದು ಅಂಟಿಸಬಾರದೇ ಎಂದು ಅವರು ಕೇಳಿದರು. ಹಾಗೆ ಮಾಡುವವರಿದ್ದಾರೆ, ಹೇಳಿ ಮಾರಿದರೆ ತಪ್ಪಿಲ್ಲ, ಹೇಳದೆ ಮಾರಿದರೆ ಅದು ಮೋಸ. ಪರೀಕ್ಷಕರು ಸ್ಥಿತಿಗೆ ಕೊಡುವ ಮಹತ್ವವನ್ನು ನಾನು ಗೌರವಿಸುತ್ತೇನೆ, ನಾನೂ ಅದನ್ನು ನೋಡಿಯೇ ಹಣ ಕೊಡುತ್ತೇನೆ. ಆದರೂ ಈ ಕಿಂಡಿಯನ್ನು ಹಾನಿ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ, ಏಕೆಂದರೆ ಪುಸ್ತಕ ಹೇಳಿದ್ದನ್ನೇ ಆ ಹುಡುಗ ಮಾಡಿದ್ದ. ಅಲ್ಲದೆ, ಕಿಂಡಿಬಿದ್ದ ಈ ಒಂದು ಪುಸ್ತಕಕ್ಕೆ ಬರುವ ಹಣ ಮೇಲಿನ ಐದು ಪೆಟ್ಟಿಗೆಗಳಿಗೆ ಒಟ್ಟಾಗಿಯೂ ಬರುವಂತಿರಲಿಲ್ಲ.

ವ್ಯಾನಿನವನಿಗೆ ಅವರು ಅಲ್ಲೇ ಫೋನ್ ಮಾಡಿ ಬರುವುದು ಬೇಡವೆಂದರು. ಹಲ್ಕ್ ಸಂಚಿಕೆಯನ್ನು ಪರೀಕ್ಷೆಗೆ ಕಳಿಸುವುದೆಂದು ತೀರ್ಮಾನವಾಯಿತು. ಪ್ಲಾಸ್ಟಿಕ್‌ನಲ್ಲಿ ಮುಚ್ಚಿ ಬಂದ ಮೇಲೆ ತೆರೆದರೆ ಅಂಕ ರದ್ದಾಗುತ್ತದೆ ಎಂದು ನಾನು ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಈಗಲೇ ಒಮ್ಮೆ ಓದುತ್ತೇನೆ," ಎಂದರು.

ಅಡುಗೆಮನೆಯ ಮೇಜಿನ ಮೇಲೆ ಶುಭ್ರವಾದ ಬಟ್ಟೆ ಹಾಸಿದೆವು. ಅವರು ಕೈ ತೊಳೆದು ಬಂದು ಕುಳಿತರು. ಅವರು ಹಾಳೆ ತಿರುವಿದಾಗಲೆಲ್ಲ ನನಗೆ ಬೆನ್ನಿನ ಗೆರೆಗಳದೇ ಚಿಂತೆ, ಆದರೆ ಬಾಯಿ ಬಿಡಲಿಲ್ಲ. ಪತ್ರಗಳ ಪುಟ ಬಂದಾಗ ಅವರು ಅದನ್ನು ಕಿಟಕಿಯ ಬೆಳಕಿಗೆ ತುಸು ಎತ್ತಿ ಹಿಡಿದರು. ಮೂರು ಬದಿ ನೇರವಾಗಿ ಕತ್ತರಿಸಿತ್ತು, ನಾಲ್ಕನೆಯದು ಓರೆಯಾಗಿ ಪಕ್ಕದ ಪತ್ರದ ಅಕ್ಷರಗಳನ್ನೂ ಒಂದಿಷ್ಟು ತೆಗೆದುಕೊಂಡು ಹೋಗಿತ್ತು.

"ಕ್ರಿಸ್‌ಮಸ್‌ಗೆ ಉಡುಗೊರೆ ಕಾಗದ ಕತ್ತರಿಸಿದರೂ ಹೀಗೆಯೇ. ಕೊನೆಯ ಬದಿಗೆ ಬರುವಷ್ಟರಲ್ಲಿ ಅವರಿಗೆ ಅವಸರ," ಎಂದರು. ನಂತರ ಪುಟ ತಿರುವಿ, ಕಥೆ ನಿಂತಲ್ಲಿಂದ ಓದು ಮುಂದುವರಿಸಿದರು.