ಹೊಲದ ಪಾಲು ಮಧ್ಯಸ್ಥಿಕೆಗೆ ಹೋದಾಗ

ಕಲಬುರಗಿ ಕಡೆ ಅಣ್ಣ-ತಮ್ಮಂದಿರ ಜಗಳ ಅಂದರೆ ಬಹುಪಾಲು ಹೊಲದ್ದೇ. ದಾವೆ ಹೂಡುವ ಮೊದಲೇ ಮಧ್ಯಸ್ಥಿಕೆ ಬೇಕೆಂದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ದಾವೆ ನಡೆದಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿಪಿಸಿ) 89ನೇ ಕಲಮಿನಡಿ ನ್ಯಾಯಾಲಯವೇ ಮಧ್ಯಸ್ಥಿಕೆಗೆ ಕಳಿಸಬಹುದು. ಮಧ್ಯಸ್ಥರು ತೀರ್ಪು ಕೊಡುವುದಿಲ್ಲ, ಎರಡೂ ಕಡೆಯವರು ತಾವೇ ರಾಜಿಗೆ ಬರಲು ನೆರವಾಗುತ್ತಾರೆ. ಅಲ್ಲಿ ಆಡಿದ ಮಾತನ್ನು ಮುಂದೆ ಸಾಕ್ಷ್ಯವಾಗಿ ಬಳಸುವಂತಿಲ್ಲ. ಊರ ಕಟ್ಟೆಯ ಪಂಚಾಯ್ತಿಗೆ ಈ ಗುಣ ಎಲ್ಲಿದೆ?

ಹೋಗುವಾಗ ಎಲ್ಲ ಸರ್ವೆ ನಂಬರಿನ ಪಹಣಿ, ವಂಶವೃಕ್ಷ, ಸಾಲದ ಕಾಗದ ಕೈಯಲ್ಲಿರಲಿ. ಪಹಣಿಯ 11ನೇ ಕಾಲಂ ನೋಡಿ, ಬ್ಯಾಂಕಿನ ಬೋಜಾ (ಹೊಲದ ಮೇಲಿನ ಸಾಲದ ಹೊರೆ) ಅಲ್ಲೇ ಕಾಣುತ್ತದೆ. ಸಾಲ ಯಾರು ತೀರಿಸಬೇಕೆಂದು ಬರೆಯದೆ ಬರೀ ಎಕರೆ ಹಂಚಿಕೊಂಡರೆ ತೊಗರಿ ರಾಶಿಯ ಹೊತ್ತಿಗೆ ಮತ್ತೆ ಜಗಳ. ಬೋರಿನ ನೀರಿನ ಪಾಳಿ, ಮೋಟರ್ ಸುಟ್ಟರೆ ಖರ್ಚು, ಬಂಡಿದಾರಿಯ ಅಗಲ, ಇವನ್ನೆಲ್ಲ ದಿನ, ರೂಪಾಯಿ, ಅಡಿ ಲೆಕ್ಕದಲ್ಲೇ ಬರೆಸಿ. 'ಹೊಂದಿಕೊಂಡು ಹೋಗತಕ್ಕದ್ದು' ಎಂಬ ಸಾಲಿನಿಂದ ಯಾರಿಗೂ ಉಪಯೋಗವಿಲ್ಲ.

ಹೆಚ್ಚು ಕೆಡುವುದು ಹೆಣ್ಣುಮಕ್ಕಳನ್ನು ಬಿಟ್ಟಾಗ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಂತೆ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಅವರಿಲ್ಲದ ರಾಜಿ ಅವರನ್ನು ಕಟ್ಟಿಹಾಕದು. ಪಾಲು ಬಿಟ್ಟುಕೊಡುವುದಿದ್ದರೂ ಅಕ್ಕ-ತಂಗಿಯರು ತಾವೇ ಬರಲಿ, ಅಣ್ಣಂದಿರ ಎದುರಲ್ಲದೆ ಮಧ್ಯಸ್ಥರ ಜೊತೆ ಪ್ರತ್ಯೇಕ ಮಾತಾಡಿ ಆಮೇಲೆ ಸಹಿ ಹಾಕಲಿ. ಆದಾಯ ಎಷ್ಟೇ ಇದ್ದರೂ ಮಹಿಳೆಯರಿಗೆ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ.

ದಾವೆಯಲ್ಲಿಲ್ಲದ ಮನೆ, ಪ್ಲಾಟು ರಾಜಿಗೆ ಸೇರಿದರೆ ಅದಕ್ಕೆ ನೋಂದಣಿ ಬೇಕು. ಒಂದೇ ಸರ್ವೆ ನಂಬರ್ ಒಡೆಯುವುದಿದ್ದರೆ 11ಇ ನಕ್ಷೆಗೆ (ಒಡೆಯುವ ಭಾಗವನ್ನು ಅಳೆದು ತೋರಿಸುವ ಸರ್ವೆ ನಕ್ಷೆ) ಮೊದಲೇ ಅರ್ಜಿ ಹಾಕಿ. ನಕ್ಷೆ ಇಲ್ಲದೆ 'ಪಶ್ಚಿಮಕ್ಕೆ 2 ಎಕರೆ' ಎಂದಷ್ಟೇ ಬರೆದರೆ ಬದು ಎಲ್ಲಿ ಹಾಕಬೇಕೆಂದು ಯಾರೂ ಹೇಳಲಾರರು.