ಮಳೆ, ಎರಡು ಮೈಕು, ನಾಲ್ಕು ಸಾಲು ಹಾಡು

2025 ಮೇ 25, ಭಾನುವಾರ
ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ, ಅಪ್ಪನ ಮನೆ

ನಿನ್ನೆ ಮುಂಗಾರು ಕೇರಳಕ್ಕೆ ಬಂತು. ಜೂನ್ 1ರ ಹೊತ್ತಿಗೆ ಬರುವ ಮಳೆ ಈ ಸಲ ಒಂದು ವಾರ ಮೊದಲೇ ಬಂದಿದೆ. 2009ರ ನಂತರ ಇಷ್ಟು ಬೇಗ ಬಂದದ್ದು ಇದೇ ಮೊದಲು. ಅಂಗಳದ ಅಡಿಕೆ ಒಳಗೆ ಬಂತು, ಅದರ ಹಿಂದೆಯೇ ಮಕ್ಕಳೂ ಒಳಗೆ ಬಂದರು. ಶಾಲೆ ಶುರುವಾಗುವುದು ಜೂನ್ 2ಕ್ಕೆ. ಅಲ್ಲಿಯವರೆಗೆ ಮೂರು ಮಕ್ಕಳನ್ನು ಚಾವಡಿಯಲ್ಲಿ ಕೂರಿಸುವುದು ಹೇಗೆ?

ಅಕ್ಕನ ಮಗಳು ಇನ್ನು 9ನೇ ಕ್ಲಾಸು. ನನ್ನ ಮಗ 4ನೇ ಕ್ಲಾಸು. ಮೂರನೆಯವನು ಪಕ್ಕದ ಮನೆಯ ಹುಡುಗ, 5ನೇ ಕ್ಲಾಸು. ಅವನ ಮನೆಮಾತು ಮಲಯಾಳ, ನಮ್ಮ ಮಕ್ಕಳ ಜೊತೆ ಆಡುವುದು ಅರ್ಧ ತುಳು, ಅರ್ಧ ಕನ್ನಡ. ಈ ಊರಲ್ಲಿ ಅದೇನೂ ವಿಶೇಷ ಅಲ್ಲ.

ನಿನ್ನೆ ಮಧ್ಯಾಹ್ನ ಅಟ್ಟ ಹತ್ತಿ ಅಣ್ಣನ ಹಳೇ ಪ್ಲೇಸ್ಟೇಷನ್ 2 ಇಳಿಸಿದೆ, ಟಿವಿಗೆ ಸಿಕ್ಕಿಸಿ ಆಟ ಆಡುವ ಯಂತ್ರ. ಅವನು ದುಬೈಯಲ್ಲಿದ್ದಾಗ ತಂದದ್ದು. ಜೊತೆಗೆ ಒಂದು ಕೆಂಪು ಮೈಕು, ಒಂದು ನೀಲಿ ಮೈಕು, ಎರಡು ಡಿಸ್ಕ್. ಒಂದು 2007ರ ‘ಸಿಂಗ್‌ಸ್ಟಾರ್ ಬಾಲಿವುಡ್’, ಪೂರ್ತಿ ಹಿಂದಿ ಸಿನಿಮಾ ಹಾಡುಗಳು. ಇನ್ನೊಂದು ಡಿಸ್ನಿಯವರ ‘ಹೈಸ್ಕೂಲ್ ಮ್ಯೂಸಿಕಲ್ 3’ ಸಿನಿಮಾದ ಆಟ. ಸಿನಿಮಾ ಬಂದದ್ದು 2008ರಲ್ಲಿ, ಹಾಡುವ ಆಟ 2009ರಲ್ಲಿ.

ಈ ಆಟ ಆಡದವರಿಗೆ ಸ್ವಲ್ಪ ಹೇಳುತ್ತೇನೆ. ಟಿವಿಯಲ್ಲಿ ಸಿನಿಮಾದ ಹಾಡು ಓಡುತ್ತದೆ, ಕೆಳಗೆ ಸಾಹಿತ್ಯ ಬರುತ್ತದೆ. ಅದರ ಜೊತೆ ಅಡ್ಡಡ್ಡ ಪಟ್ಟಿಗಳು. ಪಟ್ಟಿ ಮೇಲಿದ್ದರೆ ಮೇಲಿನ ಸ್ವರ, ಕೆಳಗಿದ್ದರೆ ಕೆಳಗಿನ ಸ್ವರ. ಉದ್ದ ಪಟ್ಟಿ ಬಂದರೆ ಎಳೆದು ಹಾಡಬೇಕು, ಚಿಕ್ಕದು ಬಂದರೆ ಬೇಗ ಬಿಡಬೇಕು. ನಮ್ಮ ದನಿ ಸರಿಯಾದ ಜಾಗಕ್ಕೆ ಬಿದ್ದರೆ ಪಟ್ಟಿಗೆ ಬಣ್ಣ ತುಂಬುತ್ತದೆ. ಕೊನೆಗೆ 10,000ಕ್ಕೆ ಎಷ್ಟು ಅಂತ ಅಂಕ ತೋರಿಸುತ್ತದೆ.

ಮೊದಲು ಹೈಸ್ಕೂಲ್ ಮ್ಯೂಸಿಕಲ್ ಹಾಕಿದೆ. ಹದಿನೈದು ನಿಮಿಷಕ್ಕೆ ಚಾವಡಿ ಖಾಲಿ. ಆಟದಲ್ಲಿ ಏನೂ ತಪ್ಪಿರಲಿಲ್ಲ. ಮೂವರೂ ಆ ಸಿನಿಮಾ ನೋಡಿಲ್ಲ. ಅಮೆರಿಕದ ಶಾಲೆ, ಬಾಸ್ಕೆಟ್‌ಬಾಲ್ ಆಡುವ ಹುಡುಗ, ಶಾಲೆಯ ಕೊನೇ ವರ್ಷದ ಬೇಸರ, ಇದೆಲ್ಲ ಇವರಿಗೆ ಏನೂ ಅಲ್ಲ. ಹಾಡು ಮೊದಲೇ ಬಾಯಲ್ಲಿದ್ದರೆ ಮಾತ್ರ ಮಗು ಮೈಕು ಹಿಡಿಯಲು ಓಡಿ ಬರುತ್ತದೆ. ಗೊತ್ತಿಲ್ಲದ ಭಾಷೆಯ ಗೊತ್ತಿಲ್ಲದ ಹಾಡನ್ನು ಓಡುತ್ತಿರುವ ಅಕ್ಷರ ನೋಡಿ ಹಾಡು ಅಂದರೆ ಅದು ಪರೀಕ್ಷೆ ಆಗುತ್ತದೆ, ಅಲ್ವಾ? ಸಿನಿಮಾ ನೋಡಿ ಕುಣಿದ ಮಕ್ಕಳಿಗೆ ಇದೇ ಡಿಸ್ಕ್ ಹಬ್ಬ ಆಗಿರಬಹುದು. ನಮ್ಮ ಚಾವಡಿಯಲ್ಲಿ ಆಗಲಿಲ್ಲ.

ಹಿಂದಿ ಡಿಸ್ಕ್‌ಗೆ ಮಕ್ಕಳು ವಾಪಸ್ ಬಂದರು. ಅದರಲ್ಲಿ ಒಂದು ಹಾಡಿಗೆ ದೊಡ್ಡವಳು ಶಾಲಾ ವಾರ್ಷಿಕೋತ್ಸವದಲ್ಲಿ ಡ್ಯಾನ್ಸ್ ಮಾಡಿದ್ದಳು. ಆದರೆ ಮೊದಮೊದಲು ಎಲ್ಲರಿಗೂ ಅಂಕ ಕಮ್ಮಿ. ದನಿ ಅರ್ಧ ಕ್ಷಣ ತಡವಾಗಿ ಬೀಳುತ್ತಿತ್ತು. ಹಳೇ ಯಂತ್ರವನ್ನು ಹೊಸ ಟಿವಿಗೆ ಸಿಕ್ಕಿಸಿದರೆ ಹೀಗಾಗುವುದುಂಟು, ಟಿವಿ ಚಿತ್ರವನ್ನು ತಿದ್ದಿ ತೋರಿಸಲು ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತದೆ. ಟಿವಿಯ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಹಾಕಿದ ಮೇಲೆ ಸರಿಯಾಯಿತು. ಮಕ್ಕಳಿಗೆ ಮನೆಯಲ್ಲಿ ಇಂಥ ಆಟ ಹಾಕಿಕೊಡುವವರು ದಯವಿಟ್ಟು ಇದನ್ನು ಮೊದಲು ನೋಡಿ. ಇಲ್ಲದಿದ್ದರೆ ಮಗು ತನಗೇ ತಾಳ ಬರುವುದಿಲ್ಲ ಅಂದುಕೊಳ್ಳುತ್ತದೆ.

ನಾನು ಬರೆಯಬೇಕು ಅಂದುಕೊಂಡದ್ದು ಆಮೇಲೆ ನಡೆದದ್ದನ್ನು.

ದೊಡ್ಡವಳು ನಾಲ್ಕು ವರ್ಷದಿಂದ ಕರ್ನಾಟಕ ಸಂಗೀತ ಕಲಿಯುತ್ತಿದ್ದಾಳೆ. ಅವಳು ಹಾಡಿದರೆ ಅಡುಗೆಮನೆಯಲ್ಲಿ ಅಮ್ಮ ಒಗ್ಗರಣೆ ನಿಲ್ಲಿಸಿ ಕೇಳುತ್ತಾರೆ. ನಿನ್ನೆಯೂ ಚೆಂದ ಹಾಡಿದಳು. ಅಂಕ ಬಂತು 4,000ದ ಚಿಲ್ಲರೆ. ನನ್ನ ಮಗನಿಗೆ ಹಿಂದಿ ಸಾಹಿತ್ಯ ಅಷ್ಟು ಬೇಗ ಓದಲು ಬರುವುದಿಲ್ಲ. ಅವನು ಬಾಯಿ ಮುಚ್ಚಿ ಬರೀ ‘ಹೂಂ ಹೂಂ’ ಅಂತ ರಾಗ ಹಿಡಿದ. ಅವನಿಗೆ 6,000 ದಾಟಿತು. ಅವನು ಕುಣಿದ. ಅವಳು ಮೈಕು ಮೇಜಿನ ಮೇಲಿಟ್ಟು ಒಳಗೆ ಹೋದಳು. ರಾತ್ರಿ ಮಲಗುವಾಗ ಕೇಳಿದಳು, “ಚಿಕ್ಕಮ್ಮಾ, ನಂಗೆ ಹಾಡ್ಲಿಕ್ಕೆ ಬರುದಿಲ್ವಾ?”

ನನಗೆ ಆ ಪ್ರಶ್ನೆ ಹಳೆಯದು. ನಾನು 5ನೇ ಕ್ಲಾಸಿನಲ್ಲಿದ್ದಾಗ ಪ್ರಾರ್ಥನೆಯ ಗುಂಪಿನಲ್ಲಿ ಟೀಚರ್ ನನ್ನನ್ನು ಹಿಂದೆ ನಿಲ್ಲಿಸಿ, “ನೀನು ಬಾಯಿ ಆಡಿಸಿದ್ರೆ ಸಾಕು” ಅಂದಿದ್ದರು. ಆಮೇಲೆ ನಾನು ಜೋಗುಳ ಬಿಟ್ಟು ಬೇರೆ ಹಾಡಿದ್ದಿಲ್ಲ. ಒಂದು ಮಾತು ಅಷ್ಟು ವರ್ಷ ಗಂಟಲಲ್ಲಿ ಕೂತಿತು. ಅದಕ್ಕೆ ಈ ಸಂಖ್ಯೆಯನ್ನು ‘ಸುಮ್ನೆ ಆಟ’ ಅಂತ ಬಿಡಲು ನನ್ನಿಂದ ಆಗಲಿಲ್ಲ. ಎದ್ದು ಕೂತು ಅವಳಿಗೆ ಯಂತ್ರ ಏನು ಕೇಳಿಸಿಕೊಳ್ಳುತ್ತದೆ ಅಂತ ಹೇಳಿದೆ.

ಅದು ಮಾತು ಕೇಳುವುದಿಲ್ಲ. ಪದ ಸರಿಯೋ ತಪ್ಪೋ ಅದಕ್ಕೆ ಬೇಡ. ಭಾವ ಅಂತೂ ಗೊತ್ತೇ ಇಲ್ಲ. ದನಿ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಅಂತ ಮಾತ್ರ ಎಣಿಸುತ್ತದೆ. 440 ಸಲ ಆದರೆ ಒಂದು ಸ್ವರ. ಅದರ ಎರಡರಷ್ಟು, 880 ಆದರೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ. ಆಟಕ್ಕೆ ಎರಡೂ ಒಂದೇ. ಇದು ಮಕ್ಕಳಿಗೆ ಒಳ್ಳೆಯದು. ಗಂಡಸರ ದನಿಯ ಹಾಡನ್ನು ಎಂಟು ವರ್ಷದ ಮಗು ತನ್ನ ಸಪೂರ ದನಿಯಲ್ಲೇ ಹಾಡಬಹುದು, ಅಂಕ ಹೋಗುವುದಿಲ್ಲ. ಆದರೆ ಪಟ್ಟಿ ನೆಟ್ಟಗಿರುತ್ತದೆ. ಸಂಗೀತ ಕಲಿತವರ ದನಿ ನೆಟ್ಟಗಿರುವುದಿಲ್ಲ. ಗಮಕ ಅಂದರೇ ಸ್ವರದ ಆಚೀಚೆ ಹೋಗಿ ಬರುವುದು. ಅವಳು ಎಲ್ಲೆಲ್ಲಿ ಚೆಂದ ಮಾಡಿದಳೋ ಅಲ್ಲೆಲ್ಲ ದನಿ ಪಟ್ಟಿಯಿಂದ ಹೊರಗೆ ಹೋಗಿದೆ. ಮಗನ ‘ಹೂಂ ಹೂಂ’ ಕಂಬಳಿಹುಳದ ಹಾಗೆ ಪಟ್ಟಿಗೆ ಅಂಟಿಕೊಂಡಿದೆ.

ಮಕ್ಕಳ ಅಜ್ಜ, ಅಂದರೆ ನನ್ನ ಅಪ್ಪ, ಕತ್ತಲಲ್ಲಿ ಎಲ್ಲ ಕೇಳುತ್ತಿದ್ದರು. “ಹಾಗಾದ್ರೆ ನಮ್ಮ ಭಾಗವತರಿಗೆ ಅದು ಎಷ್ಟು ಕೊಡ್ತದೆ?” ಅಂದರು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಇಲ್ಲೇ ಪಕ್ಕದಲ್ಲಿದೆ. ಆಟದಲ್ಲಿ ಹಾಡುವ ಭಾಗವತರ ಪದ ರಾತ್ರಿಯಿಡೀ ಕೇಳಿ ಬೆಳೆದವರು ಅಪ್ಪ. ಅವರ ಪ್ರಶ್ನೆಗೆ ದೊಡ್ಡವಳೇ ಉತ್ತರ ಕೊಟ್ಟಳು, “ತುಂಬಾ ಕಮ್ಮಿ ಅಜ್ಜ.” ಹೇಳುವಾಗ ಅವಳ ದನಿ ಹಗುರ ಆಗಿತ್ತು.

ಇವತ್ತು ಬೆಳಿಗ್ಗೆ ಎರಡು ಬದಲಾವಣೆ ಮಾಡಿದೆವು. ಮೊದಲನೆಯದು, ಒಬ್ಬರಿಗೊಬ್ಬರು ಪೈಪೋಟಿಗೆ ಹಾಡುವುದು ಬೇಡ. ಸಿಂಗ್‌ಸ್ಟಾರ್‌ನಲ್ಲಿ ‘ಪಾಸ್ ದ ಮೈಕ್’ ಅಂತ ಒಂದು ಆಟ ಉಂಟು. ತಂಡ ಮಾಡಿಕೊಂಡು ಮೈಕು ಕೈಯಿಂದ ಕೈಗೆ ಹೋಗುತ್ತದೆ. ಅಜ್ಜ, ನಾನು, ನನ್ನ ಮಗ ಒಂದು ಕಡೆ. ಅಕ್ಕ ಮತ್ತು ಉಳಿದ ಇಬ್ಬರು ಇನ್ನೊಂದು ಕಡೆ. ನನ್ನ ಸರದಿಯಲ್ಲಿ ನಾನು ಹಾಡಿದೆ. ಹೌದು, ಹಾಡಿದೆ. ಮೂರು ಸಾಲು. ಯಾರೂ ತಿರುಗಿ ನೋಡಲಿಲ್ಲ. ಎಲ್ಲರ ಕಣ್ಣು ಮುಂದಿನ ಸರದಿ ಯಾರದು ಅಂತ ಟಿವಿ ಮೇಲಿತ್ತು. ಮಕ್ಕಳಿಗೆ ಈ ಆಟದಲ್ಲಿ ಮಜಾ ಇದೆಯಾ ಅಂತ ಯಾರಾದರೂ ಕೇಳಿದರೆ ನಾನು ಈ ಅರ್ಧ ಗಂಟೆಯನ್ನು ತೋರಿಸುತ್ತೇನೆ. ಅಂಕ ತಂಡದ್ದು ಆದಾಗ ಯಾರೂ ಮೈಕು ಇಟ್ಟು ಒಳಗೆ ಹೋಗಲಿಲ್ಲ. ತೀರಾ ಸಣ್ಣ ಮಕ್ಕಳಿದ್ದರೆ ಅಂಕವೇ ಇಲ್ಲದೆ ಸುಮ್ಮನೆ ಹಾಡಿಸಬೇಕು ಅಂತ ನನಗೆ ಅನಿಸುತ್ತದೆ.

ಎರಡನೆಯದು ಕನ್ನಡ ಹಾಡು. “ನಮ್ಮ ಸಿನಿಮಾದ್ದು ಇಲ್ವಾ?” ಅಂತ ಮಗ ನಿನ್ನೆಯಿಂದ ಕೇಳುತ್ತಿದ್ದ. ನಮ್ಮ ಸಿನಿಮಾ ಅಂದರೆ ಇಲ್ಲಿನ ಮಕ್ಕಳಿಗೆ 2018ರ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು’. ಕನ್ನಡ ಶಾಲೆ ಉಳಿಸಿಕೊಳ್ಳುವ ಮಕ್ಕಳ ಕಥೆ, ಮಕ್ಕಳ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂದದ್ದು. ವಾಸುಕಿ ವೈಭವ್ ಅವರ ಸಂಗೀತದ ಆ ಹಾಡುಗಳು ಈ ಮೂವರಿಗೂ ಬಾಯಿಪಾಠ, ಪಕ್ಕದ ಮನೆಯವನಿಗೂ. ಡಿಸ್ಕ್ ನಮ್ಮಲ್ಲಿಲ್ಲ. ಆದರೆ ‘ಅಲ್ಟ್ರಾಸ್ಟಾರ್ ಡೀಲಕ್ಸ್’ ಅಂತ ಉಚಿತವಾಗಿ ಸಿಗುವ ಆಟವೊಂದು ಉಂಟು. ಸಿಂಗ್‌ಸ್ಟಾರ್ ಹಾಗೇ ಆಡುವುದು, ಲ್ಯಾಪ್‌ಟಾಪ್‌ನಲ್ಲಿ. ಅದಕ್ಕೆ ಹಾಡಿನ ಪಟ್ಟಿಗಳನ್ನು ನಾವೇ ಬರೆದುಕೊಳ್ಳಬಹುದು.

ಬರೆಯುವುದು ಹೇಗೆ ಅಂದರೆ, ಒಂದು ಸಾದಾ ಟೆಕ್ಸ್ಟ್ ಫೈಲು. ಪ್ರತಿ ಸ್ವರಕ್ಕೆ ಒಂದು ಸಾಲು. ಎಲ್ಲಿ ಶುರು, ಎಷ್ಟು ಉದ್ದ, ಯಾವ ಸ್ವರ, ಯಾವ ಅಕ್ಷರ. ಅಷ್ಟೇ. ದೊಡ್ಡವಳು ಐದು ನಿಮಿಷ ನೋಡಿದಳು. “ಚಿಕ್ಕಮ್ಮಾ, ಇದು ಪ್ರಸ್ತಾರ ಹಾಕಿದ ಹಾಗೇ ಉಂಟಲ್ಲ!” ಅಂದಳು.

ನನಗೆ ಹೊಳೆದೇ ಇರಲಿಲ್ಲ. ಚಿಕ್ಕ ಪಟ್ಟಿ ಲಘು, ಉದ್ದ ಪಟ್ಟಿ ಗುರು. ಶಾಲೆಯಲ್ಲಿ ಷಟ್ಪದಿಯ ತಲೆಯ ಮೇಲೆ ಗೆರೆ ಎಳೆದದ್ದೇ ಇಲ್ಲಿ ಪರದೆಯಲ್ಲಿ ಓಡುತ್ತಿದೆ. ಹಳೇ ಕ್ಯಾಲೆಂಡರ್ ಹಾಳೆ ತಿರುಗಿಸಿ ಮೊದಲ ನಾಲ್ಕು ಸಾಲು ದೊಡ್ಡ ಅಕ್ಷರದಲ್ಲಿ ಬರೆದು ಪ್ರಸ್ತಾರ ಹಾಕಿದಳು. ಹಾಕಿ ನಿಲ್ಲಿಸಿದಳು. ಪುಸ್ತಕದಲ್ಲಿ ಒತ್ತಕ್ಷರದ ಹಿಂದಿನ ಅಕ್ಷರ ಗುರು. ಹಾಡಿನಲ್ಲಿ ಗಾಯಕರು ಅದನ್ನು ಹಾರಿಸಿಕೊಂಡು ಹೋಗಿ ಮುಂದಿನ ಲಘುವನ್ನು ಎಳೆದಿದ್ದಾರೆ. “ಎಂತ ಮಾಡುದು?” ಅಂತ ಕೇಳಿದಳು. ಕಿವಿ ಹೇಳಿದ ಹಾಗೆ ಹಾಕು ಅಂದೆ. ಕೆಂಪು ಪೆನ್ಸಿಲ್‌ನಲ್ಲಿ ಹಾಡಿನ ಅಳತೆ, ಕೆಳಗೆ ಪುಸ್ತಕದ ಅಳತೆ, ಎರಡನ್ನೂ ಉಳಿಸಿಕೊಂಡಳು.

ಪರದೆಗೆ ಇಂಗ್ಲಿಷ್ ಅಕ್ಷರದಲ್ಲಿ ಸಾಹಿತ್ಯ ಹಾಕಿದರೆ ಬೇಗ ಮುಗಿಯುತ್ತದೆ ಅಂತ ನಾನು ಅಂದೆ. ಅವಳು ಒಪ್ಪಲಿಲ್ಲ. ಕನ್ನಡ ಹಾಡನ್ನು ಕನ್ನಡದಲ್ಲೇ ಓದಬೇಕು ಅಂದಳು. ಸರಿ, ಕ್ಯಾಲೆಂಡರ್ ಹಾಳೆ ಗೋಡೆಗೆ ಹೋಯಿತು, ಲ್ಯಾಪ್‌ಟಾಪಿನ ಮೇಲ್ಗಡೆ. ಸ್ವರ ನೋಡಿಕೊಳ್ಳುವುದು ಯಂತ್ರದ ಕೆಲಸ, ಪದ ನೋಡಿಕೊಳ್ಳುವುದು ಅಜ್ಜನ ಕೆಲಸ. ಪಕ್ಕದ ಮನೆಯವನು ‘ಳ’ ಕಾರವನ್ನು ನಮ್ಮವರಿಗಿಂತ ಚೆನ್ನಾಗಿ ಹೇಳುತ್ತಾನೆ ಅಂತ ಅಜ್ಜ ಅವನಿಗೆ ಶಹಬ್ಬಾಸ್ ಕೊಟ್ಟರು.

ಕೆಲಸ ನಿಧಾನ. ನಾಲ್ಕು ಸಾಲಿಗೆ ಒಂದೂವರೆ ಗಂಟೆ ಹಿಡಿಯಿತು. ನಡುವೆ ಎರಡು ಸಲ ಕರೆಂಟ್ ಹೋಯಿತು. ಆದರೆ ಒಂದು ಚಿಹ್ನೆ ಸಿಕ್ಕಿತು. ಈ ಫೈಲಿನಲ್ಲಿ ಒಂದೇ ಅಕ್ಷರವನ್ನು ಎರಡು ಮೂರು ಸ್ವರಕ್ಕೆ ಎಳೆಯಬೇಕಾದರೆ ಅಕ್ಷರದ ಜಾಗದಲ್ಲಿ ಅಲೆಯಂಥ ಒಂದು ಗೆರೆ ಹಾಕುತ್ತಾರೆ. ಒಂದು ಉದ್ದ ಪಟ್ಟಿಯ ಬದಲು ಮೂರು ಸಣ್ಣ ಪಟ್ಟಿ, ಮೆಟ್ಟಿಲ ಹಾಗೆ. ಪೂರ್ತಿ ಗಮಕ ಅದರಲ್ಲಿ ಹಿಡಿಯುವುದಿಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ‘ಜಾರು’ ಮಾತ್ರ ಸುಮಾರಾಗಿ ಹಿಡಿಯುತ್ತದೆ. ದೊಡ್ಡವಳು ತಾನು ಹಾಡುವ ಹಾಗೆ, ತನಗೆ ಎಲ್ಲಿ ಜಾರಬೇಕು ಅನಿಸುತ್ತದೋ ಅಲ್ಲಿ ಒಂದೊಂದೇ ಅಲೆ ಹಾಕುತ್ತಾ ಹೋದಳು. ಹಾಕುವುದು, ಮೈಕು ಹಿಡಿದು ಹಾಡಿ ನೋಡುವುದು, ತಿದ್ದುವುದು. ಮೂರನೇ ಸಾಲಿನ ಕೊನೆಯ ಒಂದು ತಿರುವನ್ನು ಏಳು ಸಲ ತಿದ್ದಿದಳು. ಏಳನೇ ಸಲ ಮೂರೂ ಮೆಟ್ಟಿಲಿಗೆ ಬಣ್ಣ ತುಂಬಿತು. ಅವಳು ಅಂಕ ನೋಡುವ ಮೊದಲೇ ಅಡುಗೆಮನೆಗೆ ಓಡಿ ಅಮ್ಮನನ್ನು ಕೈ ಹಿಡಿದು ಕರೆದುಕೊಂಡು ಬಂದಳು.

ಈಗ ನನ್ನ ಮಗನ ತಕರಾರು ಶುರುವಾಗಿದೆ. ಅಕ್ಕ ಹಾಕಿದ ಅಲೆಗಳು ಅವನಿಗೆ ಬರುವುದಿಲ್ಲ, ಇದು ಅಕ್ಕನಿಗೆ ಮಾತ್ರ ಸುಲಭ ಅಂತೆ. ಅವನು ಹೇಳುವುದೂ ಸರಿ. ನಾಳೆ ಅದೇ ನಾಲ್ಕು ಸಾಲಿಗೆ ಅಲೆ ಇಲ್ಲದ ಇನ್ನೊಂದು ಫೈಲು ಮಾಡಬೇಕು. ದೊಡ್ಡವಳು ಈಗಲೇ ಅದಕ್ಕೆ ತಮ್ಮನ ಹೆಸರು ಇಟ್ಟಿದ್ದಾಳೆ. ಮಳೆ ಇನ್ನೂ ಬಿಟ್ಟಿಲ್ಲ. ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿ ಮಲಗುತ್ತೇನೆ.