ಅಲೋಹ ಕಾಕೌ

ಹವಾಯಿ ಅಂದ್ರೆ ಅಲೋಹ, ಅಷ್ಟು ಎಲ್ರಿಗೂ ಗೊತ್ತು. ಆದ್ರೆ ಅಲ್ಲಿನ ಹವಾಯಿಯನ್ ಭಾಷೆ ಮಾತಾಡೋರು ಅಷ್ಟಕ್ಕೇ ನಿಲ್ಸಲ್ಲ, ಬೆಳಿಗ್ಗೆ ಸಿಕ್ಕಿದ್ರೆ ಅಲೋಹ ಕಕಹಿಯಕ, ಸಂಜೆ ಆದ್ರೆ ಅಲೋಹ ಅಹಿಯಹಿ, ಇನ್ನು ನಂಗೆ ತುಂಬಾ ಇಷ್ಟವಾಗಿದ್ದು ಏನಂದ್ರೆ ಎದುರಿಗೆ ಒಬ್ರೇ ಇದ್ರೆ ಅಲೋಹ ಕಾವಾ ಅಂತಾರೆ, ಇಬ್ರು ಅಥವಾ ಜಾಸ್ತಿ ಜನ ಇದ್ರೆ ಅಲೋಹ ಕಾಕೌ. ಎರಡರಲ್ಲೂ ಹೇಳೋರು ತಮ್ಮನ್ನೂ ಸೇರಿಸ್ಕೊಂಡೇ ಹೇಳೋದು. ತೆಲುಗು ಬರೋರಿಗೆ ಮನಂ, ಮೇಮು ಗೊತ್ತಲ್ವಾ, ಅದ್ರಲ್ಲಿ ಮನಂ ಥರ ಕೇಳ್ತಿರೋರನ್ನೂ ಸೇರಿಸ್ಕೊಂಡಿರೋ "ನಾವು" ಅದು.

ಪ್ರೀತಿ ಹೇಳ್ಕೊಳ್ಳೋಕೂ ಇದೇ ಪದ, ಅಲೋಹ ಔ ಇಯಾ ಓಯ್ ಅಂದ್ರೆ ನಾನು ನಿನ್ನ ಪ್ರೀತಿಸ್ತೀನಿ. ಮನಸಿಗೆ ಹತ್ತಿರವಾದೋರನ್ನ ಕೂಯಿಪೋ ಅಂತ ಕರೀತಾರೆ, ಚಿನ್ನದ ಬಳೆ ಮೇಲೆ ಕಪ್ಪು ಎನಾಮಲ್ ಅಕ್ಷರದಲ್ಲಿ ಈ ಪದ ಬರೆಸ್ಕೊಳ್ಳೋದು ಅಲ್ಲಿ ತುಂಬಾ ಕಾಮನ್. ಮಾತೇ ಬೇಡದ ಒಂದು ರೀತಿನೂ ಇದೆ, ಅದಕ್ಕೆ ಹೋನಿ ಅಂತಾರೆ, ಹಣೆಗೆ ಹಣೆ ಮೂಗಿಗೆ ಮೂಗು ತಾಗಿಸಿ ಇಬ್ರೂ ಒಟ್ಟಿಗೆ ನಿಧಾನಕ್ಕೆ ಉಸಿರು ಎಳ್ಕೊಳ್ಳೋದು. ಅವಸರದಲ್ಲಿ ಮಾಡೋಕಾಗಲ್ಲ ನೋಡಿ, ಅದಕ್ಕೇ ನಂಗೆ ಶೇಕ್‌ಹ್ಯಾಂಡ್‌ಗಿಂತ ಎಷ್ಟೋ ಚೆಂದ ಅನ್ಸುತ್ತೆ.

ಇದೆಲ್ಲ ಬರೀ ಟೂರಿಸ್ಟುಗಳಿಗೆ ಅಂದ್ಕೊಂಡ್ರೆ ಬೇಜಾರಾಗುತ್ತೆ. 1893ರಲ್ಲಿ ರಾಣಿ ಲಿಲಿಉಓಕಲಾನಿಯನ್ನ ಪಟ್ಟದಿಂದ ಇಳಿಸಿದ್ಮೇಲೆ, ಹವಾಯಿಯನ್ನ ಅಮೆರಿಕಕ್ಕೆ ಸೇರಿಸ್ಬೇಡಿ ಅಂತ 1897ರಲ್ಲಿ 21,000ಕ್ಕೂ ಹೆಚ್ಚು ಸಹಿ ಸಂಗ್ರಹಿಸಿದ ಸಂಘದ ಹೆಸರಲ್ಲೇ ಅಲೋಹ ಆಯ್ನ ಇತ್ತು, ನೆಲದ ಮೇಲಿನ ಪ್ರೀತಿ. ಅದಕ್ಕೂ ಒಂದು ವರ್ಷ ಮುಂಚೆ, 1896ರಲ್ಲೇ, ಸ್ಕೂಲಲ್ಲಿ ಪಾಠ ಇಂಗ್ಲಿಷಲ್ಲೇ ಆಗ್ಬೇಕು ಅಂತ ಕಾನೂನು ಬಂದಿತ್ತು. ಆಮೇಲೆ ಅಜ್ಜ ಅಜ್ಜಿ ಆಡೋ ಭಾಷೆ ಮೊಮ್ಮಕ್ಕಳಿಗೆ ಬರ್ದೇ ಇರೋ ಹಾಗಾಯ್ತು, ನೀಹಾವು ಅನ್ನೋ ಚಿಕ್ಕ ದ್ವೀಪದಲ್ಲಿ ಮಾತ್ರ ಮನೆಮಾತಾಗಿ ಉಳೀತು.

1978ರಲ್ಲಿ, ಅಷ್ಟೊತ್ತಿಗೆ ಅಮೆರಿಕದ ಒಂದು ರಾಜ್ಯವಾಗಿದ್ದ ಹವಾಯಿಯ ಸಂವಿಧಾನ ಅದನ್ನ ಅಧಿಕೃತ ಭಾಷೆ ಮಾಡ್ತು, ಆದ್ರೆ ನಿಜವಾದ ಕೆಲಸ ಶುರುವಾಗಿದ್ದು 1984ರಲ್ಲಿ ಕೌವಾಯಿ ದ್ವೀಪದಲ್ಲಿ ತೆರೆದ ಪೂನನ ಲೇಯೊ ಅನ್ನೋ ಶಿಶುವಿಹಾರದಿಂದ, ಅಲ್ಲಿ ಪುಟ್ಟ ಮಕ್ಕಳ ಜೊತೆ ಹವಾಯಿಯನ್ ಬಿಟ್ಟು ಬೇರೆ ಭಾಷೆ ಆಡ್ತಿರ್ಲಿಲ್ಲ. 1987ರಿಂದ ಸರ್ಕಾರಿ ಸ್ಕೂಲಲ್ಲೂ ಹವಾಯಿಯನ್ ಮೀಡಿಯಂ ಬಂತು. ಈ ಥರದ ಸ್ಕೂಲಲ್ಲಿ ಬೆಳಿಗ್ಗೆ ಮಕ್ಕಳು ಸೀದಾ ಒಳಗೆ ನುಗ್ಗಲ್ಲ. ಹೊರಗೆ ಸಾಲಾಗಿ ನಿಂತು ಒಳಗೆ ಬರ್ಲಾ ಅಂತ ಓಲಿ, ಅಂದ್ರೆ ಮಂತ್ರದ ಥರ ರಾಗವಾಗಿ ಹೇಳೋ ಹವಾಯಿಯನ್ ಪಠಣ, ಹಾಡ್ತಾರೆ, ಒಳಗಿಂದ ಟೀಚರ್ ಇನ್ನೊಂದು ಓಲಿ ಹಾಡಿ ಬನ್ನಿ ಅಂತ ಕರೀತಾರೆ, ಆಮೇಲೇ ಒಳಗೆ ಹೋಗೋದು. ಸುಮಾರು ಒಂದು ಶತಮಾನ ಭಾಷೆಗೆ ಸ್ಕೂಲ್ ಬಾಗಿಲು ಮುಚ್ಚಿದ್ದ ಊರಲ್ಲಿ ಮಕ್ಕಳು ಅದೇ ಭಾಷೇಲಿ ಬಾಗಿಲು ತೆಗೆಸ್ಕೊಳ್ತಾರೆ ಅನ್ನೋದು ನೆನೆಸ್ಕೊಂಡ್ರೇ ನಂಗೆ ಕಣ್ಣು ತುಂಬಿ ಬರುತ್ತೆ.

ಕಲಿಯೋ ಆಸೆ ಇದ್ರೆ ಡ್ಯುಯೋಲಿಂಗೋದಲ್ಲಿ 2018ರಿಂದ ಹವಾಯಿಯನ್ ಇದೆ, ಫ್ರೀನೇ. ಟ್ರಿಪ್ ಹೋಗೋರು ಥ್ಯಾಂಕ್ಸ್‌ಗೆ ಮಹಾಲೋ, ಹೊರಡುವಾಗ ಅ ಹುಯಿ ಹೋವು ಕಲಿತ್ಕೊಂಡು ಹೋಗಿ.